ಕುಕ್ಕರ್ ಕೂಗುವಷ್ಟರಲ್ಲಿ ಒಂದು ಪುಟ!

ಬೀರುವಿನ ಕೆಳಗಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ನಿಮ್ಮದೂ ಒಂದು ಹಳೇ ನೋಟ್‌ಬುಕ್ ಇದೆಯಾ? ಕಾಲೇಜಿನಲ್ಲಿದ್ದಾಗ ಶುರು ಮಾಡಿ, ಮದುವೆ ಗೊತ್ತಾದ ಮೇಲೆ ಮುಚ್ಚಿಟ್ಟದ್ದು? ಮೊದಲ ಹತ್ತು-ಹನ್ನೆರಡು ಪುಟ ಮುದ್ದಾದ ಅಕ್ಷರದಲ್ಲಿ ಕಥೆ, ಆಮೇಲೆ ಎಲ್ಲಾ ಖಾಲಿ ಖಾಲಿ. ಕೊನೆಯ ಪುಟದಲ್ಲಿ ಮಾತ್ರ ಹಾಲಿನ ಲೆಕ್ಕ, ಇಸ್ತ್ರಿ ಬಟ್ಟೆಯ ಲೆಕ್ಕ!

ಇದ್ದರೆ ಈ ಲೇಖನ ನಿಮಗೇ. ಇಲ್ಲದಿದ್ದರೂ ಓದಿ. ಯಾಕೆಂದರೆ "ನನ್ನ ಜೀವನದ ಕಥೆ ಬರೆದರೆ ಒಂದು ದೊಡ್ಡ ಕಾದಂಬರಿಯೇ ಆಗುತ್ತೆ ಕಣ್ರೀ" ಅಂತ ಒಮ್ಮೆಯಾದರೂ ಹೇಳದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? ಹೇಳಿದ್ದೇವೆ, ಆದರೆ ಬರೆದಿಲ್ಲ. ಟೈಮಿಲ್ಲ ಅನ್ನುವುದು ಒಂದು ಕಾರಣ. ಚೆನ್ನಾಗಿ ಬರದಿದ್ದರೆ ಅನ್ನುವ ಅಳುಕು ಅದಕ್ಕಿಂತ ದೊಡ್ಡ ಕಾರಣ.

ಈ ಎರಡೂ ಕಾರಣಗಳನ್ನು ಒಂದೇ ಏಟಿಗೆ ಪಕ್ಕಕ್ಕೆ ತಳ್ಳುವ ಒಂದು ಆಟ ಅಮೆರಿಕದಲ್ಲಿ ಹುಟ್ಟಿತು. ಹೆಸರು ನ್ಯಾಷನಲ್ ನಾವೆಲ್ ರೈಟಿಂಗ್ ಮಂತ್. ಪ್ರೀತಿಯಿಂದ 'ನ್ಯಾನೋರೈಮೋ'. ನಿಯಮ ಬಹಳ ಸರಳ. ನವೆಂಬರ್ 1ರಂದು ಹೊಸ ಕಾದಂಬರಿ ಶುರು ಮಾಡಬೇಕು, ನವೆಂಬರ್ 30ರ ಮಧ್ಯರಾತ್ರಿಯೊಳಗೆ 50,000 ಪದ ಮುಟ್ಟಬೇಕು. ದಿನಕ್ಕೆ ಸುಮಾರು 1,667 ಪದ. ಚೆನ್ನಾಗಿದೆಯಾ, ಚೆನ್ನಾಗಿಲ್ಲವಾ ಅಂತ ಯಾರೂ ನೋಡುವುದಿಲ್ಲ. ತೀರ್ಪುಗಾರರಿಲ್ಲ, ನಗದು ಬಹುಮಾನವಿಲ್ಲ. ಮುಟ್ಟಿದವರೆಲ್ಲಾ ಗೆದ್ದವರೇ!

ಶುರು ಮಾಡಿದವರು ಕ್ರಿಸ್ ಬೇಟಿ ಎನ್ನುವ ತರುಣ. 1999ರ ಜುಲೈನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಸ್ನೇಹಿತರನ್ನು ಕಟ್ಟಿಕೊಂಡು, ಒಟ್ಟು 21 ಜನ. ಇವರಲ್ಲಿ ಬಹಳ ಜನಕ್ಕೆ ಕಾದಂಬರಿ ಬರೆಯುವುದು ಹೇಗೆಂದೇ ಗೊತ್ತಿರಲಿಲ್ಲ. ಮರುವರ್ಷ ನವೆಂಬರ್‌ಗೆ ಬದಲಾಯಿಸಿಕೊಂಡರು. ಅವರ ಊರಲ್ಲಿ ಆಗ ಹವಾ ಕೆಟ್ಟಿರುತ್ತದಂತೆ, ಹೊರಗೆ ಹೋಗಲು ಮನಸ್ಸಾಗುವುದಿಲ್ಲವಂತೆ, ಹಾಗಾಗಿ ಬರೆಯುತ್ತಾ ಕೂರಬಹುದು ಅಂತ! ಆ ಸಲ 140 ಜನ. ಮೂರನೇ ವರ್ಷ ಸುಮಾರು 5,000. ಆಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ಜನ, ದೇಶದೇಶಗಳಿಂದ. ನಮ್ಮ ದೇಶದಿಂದಲೂ, ಬೆಂಗಳೂರಿನಿಂದಲೂ ಸೇರುತ್ತಿದ್ದರು. ವಕೀಲರು, ನರ್ಸ್‌ಗಳು, ಟೀಚರ್‌ಗಳು, ಮನೆಯಲ್ಲಿರುವ ಅಮ್ಮಂದಿರು, ಹೀಗೆ ಎಲ್ಲರೂ ಹವ್ಯಾಸಿಗಳೇ.

ಇದನ್ನು ನಡೆಸುತ್ತಿದ್ದ ಸಂಸ್ಥೆ ಈಗಿಲ್ಲ. 2023ರಲ್ಲಿ ಸಂಸ್ಥೆಯ ಮೇಲ್ವಿಚಾರಣೆ ಸರಿಯಿಲ್ಲ, ಚಿಕ್ಕ ವಯಸ್ಸಿನ ಸದಸ್ಯರ ಸುರಕ್ಷತೆ ನೋಡಿಕೊಳ್ಳಲಿಲ್ಲ ಎಂಬ ದೂರು ಎದ್ದಿತು. 2024ರಲ್ಲಿ ಕಂಪ್ಯೂಟರೇ ಬರೆದುಕೊಡುವ ಎಐ ತಂತ್ರಜ್ಞಾನದ ವಿಷಯದಲ್ಲಿ ಅದರ ನಿಲುವಿಗೆ ಲೇಖಕರು ಸಿಟ್ಟಾದರು. ಕೈಯಲ್ಲಿ ಕಾಸೂ ಇರಲಿಲ್ಲ. 2025ರ ಮಾರ್ಚ್ 31ರಂದು ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಹೋಗಲಿ ಬಿಡಿ. ನವೆಂಬರ್ ತಿಂಗಳಿಗೆ ಯಾರೂ ಬೀಗ ಹಾಕಲಾರರು. ಬೇಕಾದದ್ದು ಒಂದು ಕ್ಯಾಲೆಂಡರು, ಒಂದು ಲಾಂಗ್ ನೋಟ್‌ಬುಕ್ಕು, ಮತ್ತು ಸ್ವಲ್ಪ ಮೊಂಡುತನ. ಮೂರನೆಯದು ನಮ್ಮಲ್ಲಿ ಧಾರಾಳವಾಗಿದೆ ಅಂತ ಮನೆಯವರೇ ಸರ್ಟಿಫಿಕೇಟ್ ಕೊಡುತ್ತಾರಲ್ಲ!

ಐವತ್ತು ಸಾವಿರವಾ? ಬೇಡ, ಮೂವತ್ತು ಸಾಕು

ಮೊದಲೇ ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಐವತ್ತು ಸಾವಿರ ಅನ್ನುವುದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಒಂದೇ ಪದದ ಹೊಟ್ಟೆಯೊಳಗೆ ನಾಲ್ಕು ಪದ ಕೂತಿರುತ್ತವೆ. 'ತಾನು ಕಾದಂಬರಿ ಬರೆಯುತ್ತಿರುವುದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.' ಎಣಿಸಿ ನೋಡಿ, ಏಳೇ ಪದ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಸುಮಾರು ಇದರ ಎರಡರಷ್ಟು ಪದ ಬೇಕು. ವಿಭಕ್ತಿ, ಸಂಧಿ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಬೇಸತ್ತಿದ್ದೆವಲ್ಲ, ಈಗ ಅವೇ ಪದದ ಲೆಕ್ಕವನ್ನು ಕಡಿಮೆ ಮಾಡಿಬಿಡುತ್ತವೆ.

ಆದ್ದರಿಂದ ಕನ್ನಡದಲ್ಲಿ ಬರೆಯುವವರು 50,000ದ ಬೆನ್ನು ಹತ್ತಿ ಸುಸ್ತಾಗಬೇಡಿ. ಮೂವತ್ತು ದಿನಕ್ಕೆ 30,000 ಪದ, ದಿನಕ್ಕೆ ಸಾವಿರ. ನನ್ನ ಅಂದಾಜಿನಲ್ಲಿ ಅದು ಅಷ್ಟೇ ದೊಡ್ಡ ಕೆಲಸ. ಅಚ್ಚಾದ ಪುಸ್ತಕದ ಪುಟಕ್ಕೆ ಇನ್ನೂರು ಪದ ಹಿಡಿದರೆ 150 ಪುಟದ ಕಾದಂಬರಿ ಆಗುತ್ತದೆ. ಕೈಯಲ್ಲಿ ಬರೆಯುವವರು ದಿನಾ ಪದ ಎಣಿಸುತ್ತಾ ಕೂರಬೇಡಿ. ಒಂದು ಪುಟ ತುಂಬಾ ಬರೆದು ಒಂದೇ ಒಂದು ಸಲ ಎಣಿಸಿಕೊಳ್ಳಿ. ನಿಮ್ಮ ಪುಟಕ್ಕೆ 150 ಪದ ಹಿಡಿಸಿದರೆ ದಿನಕ್ಕೆ ಏಳು ಪುಟ. ಅಲ್ಲಿಗೆ ಲೆಕ್ಕ ಮುಗೀತು.

ಯೋಚನೆ ಮಾಡುತ್ತಾ ಬರೆಯುವವರಿಗೆ ಸಾವಿರ ಪದಕ್ಕೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. "ಎರಡು ಗಂಟೇನಾ? ನನಗೆ ಕೂತು ಕಾಫಿ ಕುಡಿಯೋಕೂ ಪುರುಸೊತ್ತಿಲ್ಲ!" ಅಂತೀರಾ? ಗೊತ್ತು. ಒಟ್ಟಿಗೆ ಎರಡು ಗಂಟೆ ಯಾವ ಗೃಹಿಣಿಗೂ ಸಿಗುವುದಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ, ಇಪ್ಪತ್ತು ನಿಮಿಷ, ಹೀಗೆ ಚೂರು ಚೂರು ಸಿಗುತ್ತದೆ. ಆ ಚೂರುಗಳನ್ನು ಕೂಡಿಸುವುದೇ ಇಲ್ಲಿನ ಜಾಣತನ.

ಒಬ್ಬಳ ನವೆಂಬರ್

ಬೆಂಗಳೂರಿನ ಬಸವೇಶ್ವರನಗರದಲ್ಲಿರುವ ನನ್ನ ಗೆಳತಿಯೊಬ್ಬಳು 2023ರ ನವೆಂಬರ್‌ನಲ್ಲಿ ಇದಕ್ಕೆ ಕೈ ಹಾಕಿದಳು. ನಲವತ್ತೇಳು ವರ್ಷ. ಮಗಳು ಎಂಜಿನಿಯರಿಂಗ್, ಮಗ ಎರಡನೇ ಪಿಯುಸಿ, ಯಜಮಾನರಿಗೆ ಬ್ಯಾಂಕು, ಜೊತೆಗೆ ಎಪ್ಪತ್ತೆಂಟು ವರ್ಷದ ಅತ್ತೆ. ಹೆಸರು ಬೇಡ ಅಂದಿದ್ದಾಳೆ. ಯಾಕೆ ಬೇಡ ಅಂದಳು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಬೆಳಿಗ್ಗೆ ನಾಲ್ಕೂಮುಕ್ಕಾಲಕ್ಕೆ ಎದ್ದು, ಡಿಕಾಕ್ಷನ್ ಇಳಿಯಲು ಬಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆಯೇ ನೋಟ್‌ಬುಕ್ ಇಟ್ಟುಕೊಂಡು ನಿಂತು ಬರೆಯುತ್ತಿದ್ದಳು. ಕೂತರೆ ನಿದ್ದೆ ಬರುತ್ತದಂತೆ. ಐದೂವರೆಗೆ ಹಾಲು ಬರುವಷ್ಟರಲ್ಲಿ ಮುನ್ನೂರು ಪದ. ಆಮೇಲೆ ತಿಂಡಿ, ಡಬ್ಬಿ, ಅತ್ತೆಯ ಸ್ನಾನ, ಮಾತ್ರೆ. ಒಂಬತ್ತೂವರೆಗೆ ಮನೆ ಖಾಲಿಯಾಗುತ್ತದೆ. "ಆ ಹೊತ್ತು ಬರೆಯೋಕೆ ಒಳ್ಳೇದು ಅನ್ಕೋತೀವಿ. ಆದರೆ ಆಗಲೇ ಕೆಲಸದವಳು ಬರ್ತಾಳೆ, ಕೊರಿಯರ್ ಬರುತ್ತೆ, ಗ್ಯಾಸ್‌ನವನು ಬರ್ತಾನೆ, ನಾದಿನಿ ಫೋನ್ ಮಾಡ್ತಾಳೆ" ಅನ್ನುತ್ತಾಳೆ. ಮಧ್ಯಾಹ್ನ ಕುಕ್ಕರ್ ಇಟ್ಟು, ಮೂರು ಕೂಗು ಬರುವವರೆಗೆ ಒಂದು ಪುಟ. ಇದು ಅವಳ ಸ್ವಂತ ಸಂಶೋಧನೆ. ಕುಕ್ಕರ್ ಕೂಗುವ ಮೊದಲು ಪುಟ ಮುಗಿಯಬೇಕು ಅಂತ ಹಟಕ್ಕೆ ಬಿದ್ದು ಬರೆಯುವಾಗ, ಹಿಂದಿನ ಸಾಲು ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ಪುರುಸೊತ್ತೇ ಇರುವುದಿಲ್ಲ.

ನ್ಯಾನೋರೈಮೋದವರು ಇದನ್ನೇ ಗಡಿಯಾರ ಇಟ್ಟುಕೊಂಡು ಮಾಡುತ್ತಿದ್ದರು. ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು, ಕೆಫೆಯಲ್ಲಿ ನಾಲ್ಕಾರು ಜನ ಒಟ್ಟಿಗೆ ಕೂತು, ತಲೆ ಎತ್ತದೆ ಬರೆಯುವುದು. ಯಾರು ಹೆಚ್ಚು ಬರೆದರು ಅಂತ ಕೊನೆಗೆ ಹೇಳುವುದು. ಅವರದು 'ವರ್ಡ್ ವಾರ್', ನಮ್ಮದು ಕುಕ್ಕರ್ ಪಂದ್ಯ!

ಮಧ್ಯಾಹ್ನ ಮೂರರಿಂದ ಮೂರೂಮುಕ್ಕಾಲು ಅತ್ತೆ ಮಲಗುವ ಹೊತ್ತು, ಆಗ ಮತ್ತೆ ಎರಡು ಪುಟ. ರಾತ್ರಿ ಊಟದ ಪಾತ್ರೆ ಎತ್ತಿಟ್ಟ ಮೇಲೆ ಉಳಿದದ್ದು. ಮೊದಲ ವಾರ ಇದು ಹೂವೆತ್ತಿದ ಹಾಗೆ ನಡೆಯಿತು. ನವೆಂಬರ್ 1 ರಾಜ್ಯೋತ್ಸವದ ರಜೆ. ಬೀದಿಯಲ್ಲಿ ಧ್ವಜಾರೋಹಣ, ಮೈಕ್, ಹಾಡು. ಅವಳು ರೂಮಿನ ಬಾಗಿಲು ಹಾಕಿಕೊಂಡು ಮೊದಲ ದಿನವೇ ಒಂಬತ್ತು ಪುಟ ಬರೆದಿದ್ದಳು.

ಎರಡನೇ ವಾರ ಬಂತು ನೋಡಿ. ಆ ವರ್ಷ ನರಕ ಚತುರ್ದಶಿ 12ಕ್ಕೆ, ಬಲಿಪಾಡ್ಯಮಿ 14ಕ್ಕೆ. ಎಣ್ಣೆಸ್ನಾನ, ಹೋಳಿಗೆ, ನಾದಿನಿಯ ಸಂಸಾರ ಪೂರ್ತಿ ಮನೆಯಲ್ಲಿ. ಮೂರು ದಿನ ಒಂದು ಅಕ್ಷರವೂ ಇಲ್ಲ. ಸಾಲದ್ದಕ್ಕೆ, ಕಥೆಯೂ ನಿಂತುಬಿಟ್ಟಿತು. ನಾಯಕಿಯನ್ನು ತವರಿಗೆ ಕಳಿಸಿದ್ದಾಯಿತು, ಇನ್ನು ಅವಳನ್ನು ಅಲ್ಲಿ ಏನು ಮಾಡಿಸುವುದು? ಎರಡನೇ ವಾರ ಹೀಗೆ ನಿಂತುಹೋಗುವುದು ಇವಳೊಬ್ಬಳಿಗೇ ಅಲ್ಲ. ಈ ಆಟ ಆಡಿದವರೆಲ್ಲಾ ಹೇಳುವ ಮಾತು ಅದು. ಹೊಸದರ ಹುರುಪು ಇಳಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಇಲ್ಲೇ.

ನೀವು ಹಾಗೆ ಸಿಕ್ಕಿಕೊಂಡರೆ ಒಂದು ಉಪಾಯವಿದೆ. ಕಥೆ ಎಲ್ಲಿ ನಿಂತಿದೆಯೋ ಅಲ್ಲೇ ತಲೆ ಚಚ್ಚಿಕೊಳ್ಳಬೇಡಿ. ಮುಂದೆ ಬರಬೇಕಾದ, ನಿಮಗೆ ಕಣ್ಣಿಗೆ ಕಟ್ಟಿದಂತೆ ಕಾಣುವ ಯಾವುದಾದರೂ ಒಂದು ಸನ್ನಿವೇಶ ಬರೆದುಬಿಡಿ. ಸೀಮಂತವೋ, ಆಸ್ಪತ್ರೆಯೋ, ಮನೆ ಮಾರಿದ ದಿನವೋ. ನಡುವಿನ ಸೇತುವೆ ಆಮೇಲೆ ಕಟ್ಟಿದರಾಯಿತು. ಅದೂ ಆಗದಿದ್ದರೆ ಮನೆಗೆ ಒಬ್ಬ ನೆಂಟರನ್ನು ಕರೆಸಿ. ಅನಿರೀಕ್ಷಿತವಾಗಿ ನೆಂಟರು ಬಂದರೆ ಯಾವ ಮನೆಯಲ್ಲೂ ಏನಾದರೂ ಒಂದು ನಡೆದೇ ನಡೆಯುತ್ತದೆ, ಕಾದಂಬರಿಯಲ್ಲೂ ಅಷ್ಟೇ!

ನನ್ನ ಗೆಳತಿಯನ್ನು ಕಾಪಾಡಿದ್ದು ಕ್ರಿಕೆಟ್. ನವೆಂಬರ್ 19, ಭಾನುವಾರ, ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ಮಧ್ಯಾಹ್ನದಿಂದ ರಾತ್ರಿವರೆಗೆ ಇಡೀ ಮನೆ ಟೀವಿ ಮುಂದೆ. "ಅಮ್ಮಾ, ಬೋಂಡಾ" ಅಂತ ಎರಡು ಸಲ ಕೂಗಿದ್ದು ಬಿಟ್ಟರೆ ಯಾರೂ ಅವಳನ್ನು ಹುಡುಕಲಿಲ್ಲ. ಆಸ್ಟ್ರೇಲಿಯಾ ಗೆದ್ದು ಮನೆಯವರೆಲ್ಲಾ ಸಪ್ಪೆ ಮುಖ ಹಾಕಿ ಕೂತಾಗ, ಒಳಗಿನ ರೂಮಿನಲ್ಲಿ ಇವಳು ಹದಿನಾಲ್ಕನೇ ಪುಟ ಮುಗಿಸಿ ಬೆರಳು ನೆಟಿಗೆ ತೆಗೆಯುತ್ತಿದ್ದಳು. 24ಕ್ಕೆ ತುಳಸಿ ಪೂಜೆ, ಮತ್ತೆ ಅರ್ಧ ದಿನ ಹೋಯಿತು. 30, ಕೊನೇ ದಿನ, ಕನಕ ಜಯಂತಿ ರಜೆ. ಎಲ್ಲರೂ ಮನೆಯಲ್ಲೇ!

"ಯಾರು ಓದ್ತಾರೆ?"

ಇದು ಯಜಮಾನರ ಪ್ರಶ್ನೆ. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಟೈಲರಿಂಗ್ ಮಾಡಿದರೆ ನಾಲ್ಕು ಕಾಸು ಬರುತ್ತದೆ, ಕೇಕ್ ಮಾಡಿದರೆ ತಿನ್ನಲಾದರೂ ಸಿಗುತ್ತದೆ. ಬರೆದರೆ ಏನು ಬರುತ್ತೆ? ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬಂದೇ ಬರುತ್ತದೆ, ಉತ್ತರ ಇಟ್ಟುಕೊಂಡಿರಿ. ನನ್ನನ್ನು ಕೇಳಿದರೆ, ಜಗಳವೂ ಬೇಡ, ಭಾಷಣವೂ ಬೇಡ. "ಒಂದು ತಿಂಗಳು. ಡಿಸೆಂಬರ್ 1ಕ್ಕೆ ಮುಗೀತು" ಅನ್ನಿ. ಈ ಆಟದ ಬಹಳ ದೊಡ್ಡ ಅನುಕೂಲವೇ ಇದು. ನನಗೆ ಬರೆಯಬೇಕು ಅಂತ ಕೊನೆಯಿಲ್ಲದ ಹಾಗೆ ಕೇಳಿದರೆ ಮನೆಯವರು ಗಾಬರಿಯಾಗುತ್ತಾರೆ. ಮೂವತ್ತೇ ದಿನ ಅಂದರೆ, ವ್ರತ ಹಿಡಿದವರಿಗೆ ಕೊಡುವ ರಿಯಾಯಿತಿ ಕೊಡುತ್ತಾರೆ. ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ದಿನದಿನದ ಪುಟದ ಲೆಕ್ಕ ಬರೆಯಿರಿ. ಗೆಳತಿಯ ಮಗ, ಅಲ್ಲಿಯವರೆಗೆ ಅಮ್ಮ ಏನು ಮಾಡುತ್ತಿದ್ದಾಳೆಂದು ತಲೆ ಎತ್ತಿಯೂ ನೋಡದವನು, 20ನೇ ತಾರೀಖಿನ ನಂತರ "ಇವತ್ತಿನ ಸ್ಕೋರ್ ಎಷ್ಟಮ್ಮಾ?" ಅನ್ನಲು ಶುರು ಮಾಡಿದನಂತೆ.

ಅತ್ತೆಯ ವಿಷಯ ಬೇರೆ. ಅವರು ಮೊದಮೊದಲು "ಅದೇನು ಹಗಲೂ ರಾತ್ರಿ ಗೀಚೋದು?" ಅನ್ನುತ್ತಿದ್ದರು. ಒಂದು ಮಧ್ಯಾಹ್ನ, ಹಿಂದಿನ ಕಾಲದ ವಠಾರದಲ್ಲಿ ನೀರಿನ ಸರದಿ ಹೇಗಿರುತ್ತಿತ್ತು ಅಂತ ಇವಳು ಸುಮ್ಮನೆ ಕೇಳಿದಳು. ಅಷ್ಟೇ. ಚಾಮರಾಜಪೇಟೆಯ ವಠಾರ, ಹನ್ನೊಂದು ಮನೆಗೆ ಒಂದೇ ನಲ್ಲಿ, ರಾತ್ರಿ ಎರಡಕ್ಕೆ ಎದ್ದು ಕೊಡ ಇಡುವುದು, ಅದೇ ಸಾಲಿನಲ್ಲಿ ಹುಟ್ಟಿದ ಸ್ನೇಹಗಳು, ಮುರಿದ ಸಂಬಂಧಗಳು! ಒಂದು ವಾರಕ್ಕಾಗುವ ಸಾಮಗ್ರಿ ಸಿಕ್ಕಿತು. ಮದುವೆಯಾಗಿ ಇಪ್ಪತ್ತಮೂರು ವರ್ಷವಾಗಿದ್ದರೂ ಅತ್ತೆ ಇಷ್ಟು ಮಾತಾಡಿದ್ದು ಅದೇ ಮೊದಲಂತೆ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಕೇಳಿ ನೋಡಿ. ಆದರೆ ನಿಮ್ಮ ಕಥೆ ಹೇಳಿ ಅನ್ನಬೇಡಿ, ಯಾರೂ ಹೇಳುವುದಿಲ್ಲ. ನೀರಿನದು, ಸೌದೆಯದು, ಸೀಮೆಎಣ್ಣೆ ಕ್ಯೂನದು ಕೇಳಿ.

ಈಗ ಹೆಸರು ಬೇಡ ಅಂದದ್ದು ಯಾಕೆ ಅನ್ನುವ ವಿಚಾರ. ಕಾದಂಬರಿಯ ನಾಯಕಿ ಅವಳ ಅತ್ತಿಗೆಯೇ. ಅಣ್ಣ ಬಿಟ್ಟುಹೋದ ಮೇಲೂ ಅದೇ ಮನೆಯಲ್ಲಿ ಉಳಿದು, ಅವನ ತಂದೆತಾಯಿಯನ್ನು ಕೊನೆಯವರೆಗೆ ನೋಡಿಕೊಂಡ ಹೆಣ್ಣು. ಮನೆತನದಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಿಷಯ. ಇಪ್ಪತ್ತು ವರ್ಷದಿಂದ ಇವಳ ಎದೆಯಲ್ಲಿ ಕೂತಿದ್ದದ್ದು ಅದೇ, ಬರೆಯದೇ ಬಿಟ್ಟದ್ದಕ್ಕೂ ಅದೇ ಕಾರಣ. ಅಣ್ಣ ಓದಿದರೆ? ಊರಿನವರು ಗುರುತು ಹಿಡಿದರೆ? ಅತ್ತಿಗೆಗೇ ನೋವಾದರೆ?

ಇಂಥ ಪ್ರಶ್ನೆ ನಿಮಗೂ ಬರುತ್ತದೆ. ಯಾಕೆಂದರೆ ನಾವು ಬರೆಯುವುದು ನಮಗೆ ಗೊತ್ತಿರುವ ಜನರನ್ನೇ. ನನ್ನ ಸಲಹೆ ಇಷ್ಟೇ. ನವೆಂಬರ್‌ನಲ್ಲಿ ಯಾವುದನ್ನೂ ಮುಚ್ಚಿಡದೆ ಬರೆಯಿರಿ. ಅದು ಕರಡು, ನಿಮ್ಮ ಬೀರುವಿನಿಂದ ಆಚೆ ಹೋಗುವುದಿಲ್ಲ. ಹೆಸರು, ಊರು, ಉದ್ಯೋಗ, ಜಾತಕ ಎಲ್ಲಾ ಬದಲಾಯಿಸಲು ಆಮೇಲೆ ಬೇಕಾದಷ್ಟು ಸಮಯವಿದೆ. ಬರೀ ಹೆಸರು ಬದಲಾಯಿಸಿದರೆ ಸಾಲದು, ನಡೆದ ಘಟನೆಗಳ ಜೋಡಣೆಯೇ ಬದಲಾಗಬೇಕು, ಆಗ ಮಾತ್ರ ಅದು ಕಾದಂಬರಿ. ಅಚ್ಚಿಗೆ ಕೊಡುವ ಮಾತು ಬಂದರೆ, ಯಾರ ಬದುಕನ್ನು ತೆಗೆದುಕೊಂಡಿದ್ದೀರೋ ಅವರಿಗೆ ಮೊದಲು ಓದಲು ಕೊಡುವುದು ಮರ್ಯಾದೆ. ಬೇಡ ಅಂದರೆ ಬೇಡ. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಸಾಹಿತ್ಯ ದೊಡ್ಡದು ನಿಜ, ಆದರೆ ಅತ್ತಿಗೆ ಅದೇ ಬೀದಿಯಲ್ಲಿ ತಲೆ ಎತ್ತಿ ಓಡಾಡಬೇಕಲ್ಲ?

ಅವಸರದಲ್ಲಿ ಬರೆದದ್ದು ಕಸವಾಗುವುದಿಲ್ಲವೇ?

ಕಸವೂ ಇರುತ್ತದೆ, ಕಡ್ಡಿಯೂ ಇರುತ್ತದೆ. ಅಕ್ಕಿ ಆರಿಸುವುದು ಆಮೇಲಿನ ಕೆಲಸ, ಮೊದಲು ಮೊರದಲ್ಲಿ ಅಕ್ಕಿ ಬೀಳಬೇಕು. ಸಾರಾ ಗ್ರೂಎನ್ ಅವರ 'ವಾಟರ್ ಫಾರ್ ಎಲಿಫೆಂಟ್ಸ್' (2006), ಎರಿನ್ ಮಾರ್ಗನ್‌ಸ್ಟರ್ನ್ ಅವರ 'ದಿ ನೈಟ್ ಸರ್ಕಸ್' (2011), ಇವೆರಡೂ ಈ ನವೆಂಬರ್ ಆಟದಲ್ಲೇ ಮೊಳೆತವು. ಆದರೆ ಒಂದು ತಿಂಗಳಲ್ಲಿ ಸಿದ್ಧವಾದವಲ್ಲ. ಎರಡನೆಯದನ್ನಂತೂ ಲೇಖಕಿ ಒಂದಕ್ಕಿಂತ ಹೆಚ್ಚು ನವೆಂಬರ್‌ಗಳಲ್ಲಿ ಬರೆದು, ಆಮೇಲೆ ಮತ್ತೆ ಮತ್ತೆ ತಿದ್ದಿ ಬರೆದರು.

ಗಡುವಿನ ಮಹಿಮೆಗೆ ಇನ್ನೂ ಹಳೆಯ ಉದಾಹರಣೆ ಬೇಕಾ? 1866. ರಷ್ಯಾದ ದಾಸ್ತೋವ್‌ಸ್ಕಿ ಸಾಲದಲ್ಲಿ ಮುಳುಗಿ ಒಬ್ಬ ಪ್ರಕಾಶಕನ ಜೊತೆ ಭಯಂಕರ ಕರಾರು ಮಾಡಿಕೊಂಡಿದ್ದರು. ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವರ ಪುಸ್ತಕಗಳನ್ನು ಪುಕ್ಕಟೆಯಾಗಿ ಅಚ್ಚು ಹಾಕುವ ಹಕ್ಕು ಅವನಿಗೆ! ಅಕ್ಟೋಬರ್ ಬಂದರೂ ಒಂದು ಸಾಲು ಆಗಿರಲಿಲ್ಲ. ಆಗ ಇಪ್ಪತ್ತು ವರ್ಷದ ಸ್ಟೆನೋಗ್ರಾಫರ್ ಹುಡುಗಿ ಅನ್ನಾ ಬಂದಳು. ಅವರು ಹೇಳುತ್ತಾ ಹೋದರು, ಅವಳು ಶಾರ್ಟ್‌ಹ್ಯಾಂಡಿನಲ್ಲಿ ಬರೆದು, ರಾತ್ರಿ ಮನೆಗೆ ಹೋಗಿ ಬಿಡಿಸಿ ಬರೆದು ತರುತ್ತಿದ್ದಳು. 26 ದಿನದಲ್ಲಿ 'ದಿ ಗ್ಯಾಂಬ್ಲರ್' ಸಿದ್ಧ. ಮರುವರ್ಷ ಇಬ್ಬರ ಮದುವೆಯೂ ಆಯಿತು. ಮುಂದೆ ಅವರ ಪುಸ್ತಕ ಪ್ರಕಟಣೆ, ಸಾಲ, ಲೆಕ್ಕಪತ್ರ ಎಲ್ಲ ಸಂಭಾಳಿಸಿದವಳೂ ಆಕೆಯೇ. ಮಹಾ ಲೇಖಕರ ಹಿಂದೆ ಪೆನ್ಸಿಲ್ ಹಿಡಿದು ಕೂತಿದ್ದು ಒಬ್ಬ ಹುಡುಗಿ ಅನ್ನುವುದನ್ನು ನಾನು ಬೇಕೆಂದೇ ಇಲ್ಲಿ ಹೇಳುತ್ತಿದ್ದೇನೆ!

ನಮ್ಮವರದೇ ಉದಾಹರಣೆ ನೋಡಿ. ಎಂ.ಕೆ. ಇಂದಿರಾ ಅವರಿಗೆ ಹನ್ನೆರಡನೇ ವಯಸ್ಸಿಗೆ ಮದುವೆ. ಶಾಲೆ ಅಲ್ಲಿಗೇ ನಿಂತಿತು. ಕಾದಂಬರಿ ಬರೆಯಲು ಹೊರಟಾಗ ನಲವತ್ತೈದರ ಆಸುಪಾಸು. 'ತುಂಗಭದ್ರ' 1963ರಲ್ಲಿ ಬಂತು, 'ಫಣಿಯಮ್ಮ' 1976ರಲ್ಲಿ. ತ್ರಿವೇಣಿಯವರಿಗೆ ಸಿಕ್ಕಿದ್ದು ಹತ್ತೇ ವರ್ಷ. 1953ರಲ್ಲಿ ಮೊದಲ ಕಾದಂಬರಿ 'ಅಪಸ್ವರ', 1963ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ! ಇವರ್ಯಾರಿಗೂ ನವೆಂಬರ್ ಪಂದ್ಯ ಗೊತ್ತಿರಲಿಲ್ಲ. ಮನೆ, ಅಡುಗೆ, ಬಂದು ಹೋಗುವವರು ಮಾತ್ರ ನಮಗಿದ್ದಷ್ಟೇ ಇದ್ದರು. ಮಿಕ್ಸಿ, ವಾಷಿಂಗ್ ಮಷೀನ್ ಇರಲಿಲ್ಲ.

ಅಕ್ಟೋಬರ್‌ನಲ್ಲೇ ತಯಾರಿ

ಬರೆಯುವ ತಿಂಗಳಲ್ಲಿ ಅಡುಗೆಮನೆ ನಿಮ್ಮನ್ನು ಹಿಂದಕ್ಕೆ ಎಳೆಯಬಾರದು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಎಲ್ಲಾ ಅಕ್ಟೋಬರ್ ಕೊನೆಯೊಳಗೆ ಡಬ್ಬಿ ಸೇರಲಿ. ವಾರಕ್ಕೆ ಎರಡು ಸಲ ದೋಸೆ ಹಿಟ್ಟು ರುಬ್ಬಿಟ್ಟರೆ ನಾಲ್ಕು ಬೆಳಿಗ್ಗೆ ನಿಶ್ಚಿಂತೆ. ಹುರುಳಿಕಾಯಿ, ಗೋರಿಕಾಯಿ ಟೀವಿ ನೋಡುವವರ ಕೈಗೆ ಕೊಡಿ, ಸೋಸಲಿ. ಒಂದು ತಿಂಗಳು ಪಲ್ಯಕ್ಕೆ ಬದಲು ಗೊಜ್ಜಾದರೆ ಯಾರೂ ಬಡವಾಗುವುದಿಲ್ಲ. ದೀಪಾವಳಿ ಕೆಲವು ವರ್ಷ ಅಕ್ಟೋಬರ್‌ಗೇ ಮುಗಿಯುತ್ತದೆ, ಕೆಲವು ವರ್ಷ ನವೆಂಬರ್ ನಡುವಿಗೆ ಬರುತ್ತದೆ. ಪಂಚಾಂಗ ನೋಡಿಕೊಂಡು ಆ ಮೂರು ದಿನ ಮೊದಲೇ ಕಳೆದುಬಿಡಿ. 27 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 1,110 ಪದವಾಗುತ್ತದೆ, ದೊಡ್ಡ ವ್ಯತ್ಯಾಸವೇನಿಲ್ಲ.

ಕಥೆಯ ತಯಾರಿಗೆ ಬಹಳ ಬೇಡ. ಯಾರ ಕಥೆ, ಆಕೆಗೆ ಏನು ಬೇಕು, ಅಡ್ಡ ಬರುವವರು ಯಾರು, ಇಷ್ಟು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಾತ್ರಗಳ ಹೆಸರು, ವಯಸ್ಸು, ಸಂಬಂಧ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಇಲ್ಲದಿದ್ದರೆ ಮೂರನೇ ಅಧ್ಯಾಯದ ಸಾವಿತ್ರಿ ಹನ್ನೊಂದನೇ ಅಧ್ಯಾಯದಲ್ಲಿ ಗಾಯತ್ರಿ ಆಗಿಬಿಡುತ್ತಾಳೆ! ಆದರೆ ಬರವಣಿಗೆ ಮಾತ್ರ 1ನೇ ತಾರೀಖಿಗೇ ಶುರುವಾಗಬೇಕು. ಹಳೇ ನೋಟ್‌ಬುಕ್ಕಿನ ಆ ಹನ್ನೆರಡು ಪುಟವನ್ನು ಮುಂದುವರಿಸುತ್ತೇನೆ ಅನ್ನುವವರಿಗೆ ಒಂದು ಕಿವಿಮಾತು: ಬೇಡ. ಅದು ಇಪ್ಪತ್ತು ವರ್ಷದ ಹುಡುಗಿ ಬರೆದದ್ದು. ಅದನ್ನು ಓದುತ್ತಾ ಕೂತರೆ ತಿದ್ದುವುದರಲ್ಲೇ ತಿಂಗಳು ಕಳೆದುಹೋಗುತ್ತದೆ.

ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಬರೆಯುವವರಿಗೆ ಒಂದೆರಡು ಮಾತು. ಈಗ ಮೊಬೈಲ್ ಕೀಬೋರ್ಡಿನಲ್ಲಿ ಕನ್ನಡವನ್ನು ಹೇಳಿದರೂ ಅದೇ ಬರೆದುಕೊಳ್ಳುತ್ತದೆ. ಚಪಾತಿ ಲಟ್ಟಿಸುತ್ತಾ ಒಂದು ಸಂಭಾಷಣೆ ಹೇಳಿ ಮುಗಿಸಬಹುದು. ಪೂರ್ಣವಿರಾಮ, ಅಲ್ಪವಿರಾಮ ಆಮೇಲೆ ನೀವೇ ಹಾಕಿಕೊಳ್ಳಬೇಕು, ಅಲ್ಲಲ್ಲಿ ತಮಾಷೆಯ ತಪ್ಪುಗಳೂ ಆಗುತ್ತವೆ. ಕಂಪ್ಯೂಟರಿನಲ್ಲಿ ನುಡಿ, ಬರಹ ಬಳಸುವವರು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೇ ಫಾಂಟಿನಲ್ಲಿ ಬರೆದು ಇನ್ನೊಬ್ಬರಿಗೆ ಕಳಿಸಿದರೆ ಅಲ್ಲಿ ಅರ್ಥವಾಗದ ಚಿಹ್ನೆಗಳು ಕುಣಿಯುತ್ತವೆ. ದಿನಾ ರಾತ್ರಿ ಬರೆದದ್ದನ್ನು ನಿಮ್ಮ ಮೇಲ್‌ಗೇ ಒಂದು ಪ್ರತಿ ಕಳಿಸಿಕೊಳ್ಳಿ. ಎಐಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಪುಟಗಟ್ಟಲೆ ಬರೆದುಕೊಡುತ್ತಲ್ಲ ಅನ್ನಬೇಡಿ. ಕೊಡುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ನಲ್ಲಿಯ ಮುಂದೆ ಕೊಡ ಇಟ್ಟು ನಿಂತವರು ನಿಮ್ಮ ಅತ್ತೆ, ಅದಲ್ಲ.

ಮಣಿಕಟ್ಟು ನೋಯುತ್ತದೆ, ಕತ್ತು ಹಿಡಿಯುತ್ತದೆ. ಪ್ರತಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೊಮ್ಮೆ ಎದ್ದು ಕೈ ಕೊಡವಿ ಬನ್ನಿ. ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಬೇಗ ಏಳುವವರು ರಾತ್ರಿ ಹತ್ತಕ್ಕೆ ಮಲಗಲೇಬೇಕು, ಸೀರಿಯಲ್ ಬೇಕಾದರೆ ಆಮೇಲೆ ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಬಿಪಿ, ಶುಗರ್ ಇರುವವರು ಊಟ-ಮಾತ್ರೆಯ ಹೊತ್ತು ತಪ್ಪಿಸಿ ಬರೆಯುವ ಶೌರ್ಯ ತೋರಿಸಬೇಡಿ.

ಸಾಧ್ಯವಾದರೆ ಜೊತೆಗೆ ಒಬ್ಬರನ್ನು ಸೇರಿಸಿಕೊಳ್ಳಿ. ಅಕ್ಕ, ಕಾಲೇಜು ಗೆಳತಿ, ಎದುರು ಮನೆಯವರು, ಯಾರಾದರೂ. ಕಥೆ ಹೇಳಿಕೊಳ್ಳಬೇಕಿಲ್ಲ, ರಾತ್ರಿ ಒಂಬತ್ತಕ್ಕೆ "ಇವತ್ತು ಐದು ಪುಟ" ಅಂತ ಒಂದು ಮೆಸೇಜ್ ಸಾಕು. ಎರಡು ದಿನ ಮೆಸೇಜ್ ಬರದಿದ್ದರೆ ಫೋನ್ ಮಾಡಿ ಬೈಯುವ ಹಕ್ಕು ಇಬ್ಬರಿಗೂ ಇರಲಿ.

ನನ್ನ ಗೆಳತಿ ಮುಟ್ಟಿದ್ದು 26,400. ಮೂವತ್ತು ಆಗಲಿಲ್ಲ. ಕನಕ ಜಯಂತಿಯ ದಿನ ಯಜಮಾನರೇ ಹೋಟೆಲಿನಿಂದ ಊಟ ತಂದರಂತೆ. ರಾತ್ರಿ ಹನ್ನೊಂದೂವರೆಯವರೆಗೆ ಬರೆದು, ಮುಗಿಯದೆ, ಮುಂದಿನ ಒಂಬತ್ತು ದಿನದಲ್ಲಿ ಮುಗಿಸಿದಳು. ಆಮೇಲೆ ಎರಡು ವರ್ಷ ತಿದ್ದಿದ್ದಾಳೆ. ಅತ್ತಿಗೆಗೆ ಕಳೆದ ಬೇಸಿಗೆಯಲ್ಲಿ ಓದಲು ಕೊಟ್ಟಳು. ಅವರು ಮೂರು ದಿನ ಇಟ್ಟುಕೊಂಡು, ಒಂದು ಕಡೆ ಮಾತ್ರ ಪೆನ್ಸಿಲ್ಲಿನಿಂದ ಗೆರೆ ಎಳೆದು ವಾಪಸ್ ಕೊಟ್ಟರಂತೆ. "ಇಲ್ಲಿ ನಾನು ಅತ್ತೆ ಅಂತ ಬರೆದಿದ್ದೀಯ. ನಾನು ಅವತ್ತು ಅಳಲಿಲ್ಲ" ಅಂದರಂತೆ. ಆ ಪುಟ ಈಗ ಮೂರನೇ ಸಲ ಬರೆಯುತ್ತಿದ್ದಾಳೆ.

ನೀವು ಮುಗಿಸಿದಿರಿ ಅಂತಿಟ್ಟುಕೊಳ್ಳಿ. ಡಿಸೆಂಬರ್ 1ಕ್ಕೆ ಯಾರಿಗೂ ತೋರಿಸಬೇಡಿ, ಪತ್ರಿಕೆಗೂ ಕಳಿಸಬೇಡಿ. ಮನೆ ಗುಡಿಸಿ, ತಿಂಗಳಿಂದ ಬಾಕಿ ಇರುವ ಬಟ್ಟೆ ಮಡಿಸಿ, ತಂಗಿಗೆ ಫೋನ್ ಮಾಡಿ. ನೋಟ್‌ಬುಕ್ಕು ಬೀರುವಿಗೇ ಹೋಗಲಿ. ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹೊರಗೆ ತೆಗೆದು, ಬೇರೆಯವರದ್ದು ಅನ್ನುವ ಹಾಗೆ ಮೊದಲಿಂದ ಕೊನೆಯವರೆಗೆ ಓದಿ. ಆ ಸಲಕ್ಕೆ ಮಾತ್ರ ಪೆನ್ನು ಮುಟ್ಟಬೇಡಿ.